ಲ್ಯೂಕ್ ಎಸೆದ ಕತ್ತಿ

ಕಡಲ ನಡುವೆ ಒಂದು ಬಂಡೆ ದ್ವೀಪ. ರೇ ಎಂಬ ಹುಡುಗಿ ಕೈ ಚಾಚಿ ನಿಂತಿದ್ದಾಳೆ. ಕೈಯಲ್ಲಿ ಲೈಟ್‌ಸೇಬರ್, ಅಂದರೆ ಬೆಳಕಿನ ಕತ್ತಿ. ಎದುರಿಗೆ ಗಡ್ಡ ನರೆತ ಲ್ಯೂಕ್ ಸ್ಕೈವಾಕರ್, ಸ್ಟಾರ್ ವಾರ್ಸ್ ಎಂಬ ಅಂತರಿಕ್ಷ ಯುದ್ಧದ ಸಿನಿಮಾ ಸರಣಿಯ ಹಳೆಯ ಹೀರೋ. 2015ರ ಡಿಸೆಂಬರ್‌ನಲ್ಲಿ ಬಂದ 'ದ ಫೋರ್ಸ್ ಅವೇಕನ್ಸ್' ಇಲ್ಲಿಗೆ ಮುಗಿಯಿತು. ಮುಂದಿನ ಎರಡು ವರ್ಷ ಸ್ಟಾರ್ ವಾರ್ಸ್ ಅಭಿಮಾನಿಗಳ ತಲೆಯಲ್ಲಿ ಆ ಕೈ ಚಾಚಿದ ಹಾಗೇ ಇತ್ತು.

ಅದು ಅಂತಿಂಥ ಕತ್ತಿಯಲ್ಲ, ಲ್ಯೂಕ್‌ನ ಅಪ್ಪನದು. 1980ರ ಸಿನಿಮಾದಲ್ಲಿ ಅದೇ ಅಪ್ಪ, ಡಾರ್ತ್ ವೇಡರ್, ಮಗನ ಕೈ ಕತ್ತರಿಸಿದಾಗ ಕೈ ಸಮೇತ ಬಿದ್ದುಹೋಗಿತ್ತು. ಈಗ ತಿರುಗಿ ಬಂದಿದೆ. ಲ್ಯೂಕ್ ಏನು ಹೇಳುತ್ತಾನೆ?

2017ರ ಡಿಸೆಂಬರ್ 15ರಂದು 'ದ ಲಾಸ್ಟ್ ಜೆಡೈ' ಬಂತು. ಲ್ಯೂಕ್ ಕತ್ತಿ ತೆಗೆದುಕೊಂಡ. ಒಂದು ಗಳಿಗೆ ನೋಡಿದ. ಬೀಡಿ ತುಂಡು ಬಿಸಾಡುವ ಹಾಗೆ ಹೆಗಲ ಮೇಲಿಂದ ಹಿಂದಕ್ಕೆಸೆದು, ಮಾತಿಲ್ಲದೆ ಹೊರಟುಹೋದ.

ಜಗಳ ಶುರುವಾಗಿದ್ದು ಅಲ್ಲಿಂದ.

ಥಿಯೇಟರ್‌ನಿಂದ ಹೊರಬಂದವರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್‌ನಲ್ಲಿ ಅದಕ್ಕೆ 'ಎ' ಸಿಕ್ಕಿತು. ರಾಟನ್ ಟೊಮ್ಯಾಟೋಸ್ ತಾಣದಲ್ಲಿ ವಿಮರ್ಶಕರ ಅಂಕ ಶೇ. 90ರ ಆಸುಪಾಸು; ಪ್ರೇಕ್ಷಕರ ಅಂಕ ಅದರ ಅರ್ಧವೂ ಇಲ್ಲ. ಆಗ ಅಲ್ಲಿ ಟಿಕೆಟ್ ಕೊಂಡಿರಲಿ ಬಿಡಲಿ, ಯಾರು ಬೇಕಾದರೂ ಅಂಕ ಹಾಕಬಹುದಿತ್ತು. ಟಿಕೆಟ್ ಕೊಂಡವರ ಅಂಕವನ್ನು ಬೇರೆಯಾಗಿ ತೋರಿಸುವ ಪದ್ಧತಿ ಬಂದಿದ್ದು 2019ರಲ್ಲಿ. ಹಾಗಂತ ಸಿಟ್ಟೆಲ್ಲ ಸುಳ್ಳು ಅನ್ನುವ ಹಾಗಿಲ್ಲ. ಈ ಸಿನಿಮಾವನ್ನು ಅಧಿಕೃತ ಕತೆಯಿಂದಲೇ ಕಿತ್ತುಹಾಕಿ ಎಂಬ ಮನವಿಗೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಷ್ಟಾದರೂ ಗಳಿಕೆ 130 ಕೋಟಿ ಡಾಲರ್ ದಾಟಿತು. ಬೈಯುತ್ತಲೇ ಎರಡನೇ ಸಲ ನೋಡಿದವರೂ ಇದ್ದರು ಅಂತ ಕಾಣುತ್ತದೆ.

ಸ್ಟಾರ್ ವಾರ್ಸ್‌ಗೆ ಇದು ಹೊಸದೇನಲ್ಲ. ಈಗ ಎಲ್ಲರೂ ತಲೆ ಮೇಲೆ ಹೊತ್ತುಕೊಂಡಿರುವ 1980ರ 'ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಕೂಡ ಬಂದಾಗ ಎಲ್ಲರಿಗೂ ರುಚಿಸಿರಲಿಲ್ಲ. ವಿಲನ್ನೇ ಹೀರೋನ ಅಪ್ಪ ಅಂದರೆ ಹೇಗೆ, ವೇಡರ್ ಸುಳ್ಳು ಹೇಳುತ್ತಿರಬೇಕು ಅಂತ ವಾದಿಸಿದವರು ಎಷ್ಟೋ ಜನ. ವೇಡರ್‌ಗೆ ದನಿ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್‌ಗೇ ಮೊದಲು ಹಾಗನ್ನಿಸಿತ್ತಂತೆ! 1983ರ ಸಿನಿಮಾದಲ್ಲಿ ಕರಡಿಮರಿಗಳಂಥ ಇವಾಕ್‌ಗಳು ಬಂದಾಗ, ಇದೇನು ಮಕ್ಕಳಾಟ ಅಂದರು. 1999ರ 'ದ ಫ್ಯಾಂಟಮ್ ಮೆನಾಸ್' ಬಂದಾಗ ಮಾತು ಇನ್ನೂ ಕೆಟ್ಟಿತು. ಅದರಲ್ಲಿ ಜಾರ್ ಜಾರ್ ಬಿಂಕ್ಸ್ ಎಂಬ ಕೋಡಂಗಿ ಪಾತ್ರ ಮಾಡಿ ಬೈಸಿಕೊಂಡ ಅಹ್ಮದ್ ಬೆಸ್ಟ್, ಆಗ ತನಗೆ ಸಾಯುವ ಯೋಚನೆ ಬಂದಿತ್ತು ಅಂತ 2018ರಲ್ಲಿ ಹೇಳಿಕೊಂಡರು.

ಹಾಗಾದರೆ 2017ರದ್ದು ಯಾಕೆ ಇಷ್ಟು ಉರಿಯಿತು? ನನ್ನ ಪ್ರಕಾರ ಉತ್ತರ 1983 ಮತ್ತು 2015ರ ನಡುವಿನ ಖಾಲಿ ಜಾಗದಲ್ಲಿದೆ. ಆ 32 ವರ್ಷ ಪರದೆ ಮೇಲೆ ಲ್ಯೂಕ್‌ನ ಮುಂದಿನ ಕತೆ ಇರಲಿಲ್ಲ. ಕಾದಂಬರಿ, ಕಾಮಿಕ್ಸ್, ಗೇಮ್‌ಗಳಲ್ಲಿ ಮಾತ್ರ ಅವನು ಬೆಳೆಯುತ್ತಲೇ ಹೋದ. ಜೆಡೈ ಎಂಬ ಯೋಧ ಸನ್ಯಾಸಿಗಳ ಪಂಥವನ್ನು ಮತ್ತೆ ಕಟ್ಟಿದ, ಮದುವೆಯಾದ, ಮಗನನ್ನು ಪಡೆದ, ಸೋಲಿಸಲಾಗದ ಗುರುವಾದ. 2012ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಲ್ಯೂಕಾಸ್‌ಫಿಲ್ಮ್ ಕೊಂಡಿತು. 2014ರಲ್ಲಿ ಆ ಕತೆಗಳಿಗೆಲ್ಲ 'ಲೆಜೆಂಡ್ಸ್' ಅಂತ ಹೆಸರಿಟ್ಟು ಪಕ್ಕಕ್ಕೆ ಸರಿಸಿದರು. ಪುಸ್ತಕವನ್ನೇನೋ ಪಕ್ಕಕ್ಕಿಡಬಹುದು. ಹತ್ತು ವರ್ಷದವನಿದ್ದಾಗಿನಿಂದ ಮನಸ್ಸಿನಲ್ಲಿ ಸಾಕಿಕೊಂಡ ಲ್ಯೂಕ್‌ನನ್ನು?

ನಿರ್ದೇಶಕ ರಯಾನ್ ಜಾನ್ಸನ್ ಪಾಡೂ ಸುಲಭದ್ದಲ್ಲ. ಲ್ಯೂಕ್‌ನನ್ನು ದ್ವೀಪದಲ್ಲಿ ಕೂರಿಸಿದ್ದು ಹಿಂದಿನ ನಿರ್ದೇಶಕ ಜೆ.ಜೆ. ಏಬ್ರಮ್ಸ್. ಜೀವದ ಗೆಳೆಯ ಸತ್ತರೂ, ತಂಗಿ ಯುದ್ಧದಲ್ಲಿದ್ದರೂ ಇವನು ಯಾಕೆ ಬರಲಿಲ್ಲ? ಇದಕ್ಕೆ ಕಾರಣ ಹುಡುಕುವ ಕೆಲಸ ಜಾನ್ಸನ್ ಪಾಲಿಗೆ ಬಂತು. ಅವರು ಕೊಟ್ಟ ಕಾರಣವೇ ನಿಜವಾದ ಗಾಯ. ಮಲಗಿದ್ದ ಅಕ್ಕರೆಯ ಸೋದರಳಿಯನ ಮನಸ್ಸಿನಲ್ಲಿ ಕತ್ತಲೆ ಕಂಡು, ಲ್ಯೂಕ್ ಒಂದು ಕ್ಷಣ ಅವನ ಮೇಲೆ ಕತ್ತಿ ಹೊತ್ತಿಸುತ್ತಾನೆ. ತಕ್ಷಣ ನಾಚುತ್ತಾನೆ. ಅಷ್ಟರಲ್ಲಿ ಹುಡುಗನಿಗೆ ಎಚ್ಚರವಾಗಿರುತ್ತದೆ. ಅವನು ದುಷ್ಟರ ಕಡೆ ಸೇರುತ್ತಾನೆ, ಲ್ಯೂಕ್ ನಾಚಿಕೆಯಿಂದ ದ್ವೀಪ ಸೇರುತ್ತಾನೆ.

ವೇಡರ್‌ನಂಥ ಪಾಪಿಯಲ್ಲೂ ಒಳ್ಳೆಯದು ಕಂಡವನು ನಿದ್ದೆಯಲ್ಲಿದ್ದ ಹುಡುಗನ ಮೇಲೆ ಕತ್ತಿ ಎತ್ತುತ್ತಾನಾ? ವಿರೋಧಿಗಳ ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಲ್ಯೂಕ್ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಕೂಡ ತನಗೆ ಈ ದಾರಿ ಒಪ್ಪಿಗೆಯಿಲ್ಲ ಅಂತ ಜಾನ್ಸನ್‌ಗೆ ಹೇಳಿದ್ದರು. ಅದನ್ನು ಹೊರಗೆ ಆಡಿದ್ದಕ್ಕೆ ಆಮೇಲೆ ಬೇಸರಪಟ್ಟರು. ಆದರೆ 1983ರ ಸಿನಿಮಾದ ಕೊನೆಯನ್ನೂ ಒಮ್ಮೆ ನೆನಪಿಸಿಕೊಳ್ಳಿ. ಅಲ್ಲೂ ಲ್ಯೂಕ್ ಮೊದಲು ಸಿಟ್ಟಿನಲ್ಲಿ ಅಪ್ಪನ ಕೈ ಕತ್ತರಿಸುತ್ತಾನೆ, ಆಮೇಲೆ ಎಚ್ಚೆತ್ತು ಕತ್ತಿ ಎಸೆಯುತ್ತಾನೆ. ಎಸೆಯುವ ಬುದ್ಧಿ ಅವನಿಗೆ ಮೊದಲಿಂದಲೂ ಇತ್ತು, ಅಲ್ವಾ? ನಾನಂತೂ ಈ ವಿಷಯದಲ್ಲಿ ಸಿನಿಮಾದ ಪರ. ಕ್ಯಾಂಟೋ ಬೈಟ್ ಎಂಬ ಜೂಜುಕೋರರ ಊರಿನ ಎಳೆದಾಟ ಮಾತ್ರ ನನಗೂ ಜಾಸ್ತಿಯಾಯಿತು.

ವಾದ ಸಿನಿಮಾದೊಳಗೇ ಉಳಿಯಲಿಲ್ಲ. ಈ ಸಿನಿಮಾದಲ್ಲಿ ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ವಿಯೆಟ್ನಾಂ ಮೂಲದ ಅಮೆರಿಕನ್ ನಟಿ. ಅವರ ಮೈಬಣ್ಣ, ಮೂಲ, ರೂಪ ಎಲ್ಲವನ್ನೂ ಎಳೆದುತಂದರು. 2018ರ ಜೂನ್‌ನಲ್ಲಿ ಅವರು ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ಕತ್ತಿ ಯಾಕೆ ಎಸೆದೆ ಅಂತ ಕೇಳುವುದಕ್ಕೂ ಈ ಬೈಗುಳಕ್ಕೂ ಏನು ಸಂಬಂಧ? ಪ್ರಾಮಾಣಿಕವಾಗಿ ನೊಂದ ಅಭಿಮಾನಿಗಳ ಮಾತೂ ಈ ಗದ್ದಲದಲ್ಲೇ ಮುಳುಗಿತು.

2019ರ 'ದ ರೈಸ್ ಆಫ್ ಸ್ಕೈವಾಕರ್'ಗೆ ಏಬ್ರಮ್ಸ್ ಮತ್ತೆ ಬಂದರು. ರೋಸ್ ಪರದೆ ಮೇಲೆ ಕಂಡೂ ಕಾಣದಂತಾದಳು. ಹಿಂದಿನ ಸಿನಿಮಾ ಯಾರ ಮಗಳೂ ಅಲ್ಲ ಅಂದಿದ್ದ ರೇ ದುಷ್ಟ ಚಕ್ರವರ್ತಿಯ ಮೊಮ್ಮಗಳಾದಳು. ಒಂದು ದೃಶ್ಯದಲ್ಲಿ ಅದೇ ದ್ವೀಪದಲ್ಲಿ ರೇ ಅದೇ ಕತ್ತಿಯನ್ನು ಬೆಂಕಿಗೆ ಎಸೆಯುತ್ತಾಳೆ. 2017ರ ಸಿನಿಮಾದ ಕೊನೆಯಲ್ಲಿ ಸತ್ತಿದ್ದ ಲ್ಯೂಕ್‌ನ ಆತ್ಮ ಬೆಂಕಿಯಿಂದ ನಡೆದುಬಂದು ಅದನ್ನು ಹಿಡಿದು, ಜೆಡೈ ಆಯುಧಕ್ಕೆ ಮರ್ಯಾದೆ ಕೊಡಬೇಕು ಅಂತ ಗದರಿಸುತ್ತಾನೆ. ಈ ಸಲ ಹಲ್ಲು ಕಡಿದವರು 2017ರಲ್ಲಿ ಚಪ್ಪಾಳೆ ತಟ್ಟಿದವರು.