ಮಳೆ ಹೊಳವಾದಾಗ ಸುಡುವ ಬಿಸಿಲು

ಆಗಸ್ಟ್ ತಿಂಗಳು. ತೀರ್ಥಹಳ್ಳಿ ಹತ್ತಿರದ ನಮ್ಮ ಗದ್ದೆಯಲ್ಲಿ ನಾಟಿ ನಡೆದಿತ್ತು. ಬೆಳಿಗ್ಗೆ ಹಿಡಿದ ಮಳೆ ಹನ್ನೊಂದರ ಹೊತ್ತಿಗೆ ಹೊಳವಾಯಿತು. ಎಲ್ಲರೂ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬು ತೆಗೆದು ಬದುವಿನ ಮೇಲಿಟ್ಟರು. ತೆಳು ಮೋಡ, ತಣ್ಣನೆ ಗಾಳಿ. ಸಂಜೆ ಬಚ್ಚಲಲ್ಲಿ ಮೊದಲ ಚೊಂಬು ಬಿಸಿನೀರು ಹೊಯ್ದುಕೊಂಡೆ, ಕುತ್ತಿಗೆ ಹಿಂದೆ ಚುರ್ರೆಂದಿತು. "ಬಿಸಿಲೇ ಇರಲಿಲ್ವಲ್ಲ" ಎಂದರು ಅಮ್ಮ.

ಸೆಖೆ ಇಲ್ಲ ಅಂದರೆ ಬಿಸಿಲಿಲ್ಲ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಸೆಖೆಯ ಕಿರಣವೇ ಬೇರೆ, ಚರ್ಮ ಸುಡುವ ಕಿರಣವೇ ಬೇರೆ! 1800ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಗಾಜಿನ ಪಟ್ಟಕದಲ್ಲಿ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಬಣ್ಣಗಳ ಮೇಲೆ ಥರ್ಮಾಮೀಟರ್ ಇಟ್ಟು ನೋಡಿದರು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ, ಪಾದರಸ ಎಲ್ಲಕ್ಕಿಂತ ಜಾಸ್ತಿ ಏರಿತು. ಮರುವರ್ಷ ಜರ್ಮನಿಯ ಯೋಹಾನ್ ರಿಟರ್ ಇನ್ನೊಂದು ತುದಿಗೆ ಹೋದರು. ಬೆಳಕಿಗೆ ಕಪ್ಪಾಗುವ ಸಿಲ್ವರ್ ಕ್ಲೋರೈಡ್ ನೇರಳೆಯ ಆಚೆ ಇಟ್ಟಾಗಲೇ ಬೇಗ ಕಪ್ಪಾಯಿತು. ಅದೇ ನೇರಳಾತೀತ ಕಿರಣ. ಸೆಖೆ ಒಂದು ತುದಿಗೆ, ಸುಡುವುದು ಇನ್ನೊಂದು ತುದಿಗೆ. ಮೋಡದ ನೀರು ಮೊದಲನೆಯದನ್ನು ಚೆನ್ನಾಗಿ ಹೀರುತ್ತದೆ. ಎರಡನೆಯದನ್ನು ತೆಳು ಮೋಡ ಬಹುಪಾಲು ಹಾಗೇ ಬಿಟ್ಟುಬಿಡುತ್ತದೆ.

ಅದರ ಮೇಲೆ, ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರದಲ್ಲಿ. ಸೂರ್ಯ ನಮ್ಮ ನೆತ್ತಿಗೆ ವರ್ಷಕ್ಕೆ ಎರಡು ಸಲ ಬರುತ್ತಾನೆ. ಒಂದು ಏಪ್ರಿಲ್ ಕೊನೆಗೆ. ಇನ್ನೊಂದು ಆಗಸ್ಟ್ ನಡುವಿಗೆ, ನಾವು ಗದ್ದೆಯಲ್ಲಿ ಬಗ್ಗಿರುವಾಗಲೇ.

ಇನ್ನು ಸನ್‌ಸ್ಕ್ರೀನ್. ಸತುವಿನ ಆಕ್ಸೈಡ್ ಇರುವ ಬಿಳಿ ಕ್ರೀಮು ಕನ್ನಡಿಯ ಹಾಗೆ ಕಿರಣವನ್ನು ವಾಪಸ್ ಕಳಿಸುತ್ತದೆ ಎನ್ನುತ್ತಾರೆ. ಅದು ಮಾಡುವ ಮುಖ್ಯ ಕೆಲಸ ಹೀರುವುದು. ಅಡಿಕೆ ತೋಟಕ್ಕೆ ಹೊದೆಸಿದ ಸೊಪ್ಪನ್ನು ನೆನೆಸಿಕೊಳ್ಳಿ. ದಪ್ಪ ಹನಿ ಸೊಪ್ಪಿನ ಮೇಲೆ ಬಿದ್ದು ಒಡೆದು, ಮೆಲ್ಲಗೆ ಮಣ್ಣಿಗೆ ಇಳಿಯುತ್ತದೆ. ಹೊಡೆತ ಸೊಪ್ಪಿಗೆ, ಮಣ್ಣು ಕೊಚ್ಚಿ ಹೋಗುವುದಿಲ್ಲ. ಕ್ರೀಮೂ ಅಷ್ಟೇ: ಕಿರಣದ ಹೊಡೆತವನ್ನು ತಾನು ತಿಂದು, ಗೊತ್ತೇ ಆಗದಷ್ಟು ಸಣ್ಣ ಬಿಸಿಯಾಗಿ ಬಿಡುತ್ತದೆ. ಕಂಬಳಿ ಮಳೆಯನ್ನು ಕುಡಿದು ಬೆನ್ನನ್ನು ಕಾಯುವುದಿಲ್ವಾ, ಹಾಗೆ.

ಸೊಪ್ಪು ತೆಳುವಾದರೆ ಮಣ್ಣು ಕಾಣುತ್ತದೆ ಅಲ್ವಾ? ಕ್ರೀಮಿನ ಮೇಲೆ ಬರೆದಿರುವ ಎಸ್‌ಪಿಎಫ್ ಎಂಬುದು ಅದರ ತಡೆಯ ಅಳತೆ. ಎಸ್‌ಪಿಎಫ್ 30 ಎಂದರೆ ಸುಡುವ ಕಿರಣದಲ್ಲಿ ನೂರಕ್ಕೆ 97 ಭಾಗ ತಡೆ, 50 ಎಂದರೆ 98. ಆದರೆ ಆ ಅಳತೆ ಮಾಡುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿದು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ನಾವು ಕಡಲೆಕಾಳಿನಷ್ಟು ಹಚ್ಚಿ, ಕ್ರೀಮು ಸರಿಯಿಲ್ಲ ಎಂದು ಬೈಯುತ್ತೇವೆ.

ಕಪ್ಪು ಮೈಗೆ ಇದೆಲ್ಲ ಬೇಡ ಎನ್ನುವವರೂ ಇದ್ದಾರೆ. ಮೈಬಣ್ಣದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ, ನಿಜ. ಆದರೆ ಕೆನ್ನೆಯ ಮೇಲಿನ ಬಂಗು ಬಿಸಿಲಿಗೆ ಇನ್ನೂ ಕಪ್ಪಾಗುತ್ತದೆ. ಬಂಗಿಗೆ ಬೆದರಿ ದೃಷ್ಟಿ ತೆಗೆಸುವುದು, ಸುಮ್ನೆ ನಿಂಬೆರಸ ತಿಕ್ಕುವುದು ನೋಡಿದರೆ ಸಂಕಟವಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮವೇ ಬೊಬ್ಬೆ ಏಳಬಹುದು.

ಕ್ರೀಮನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೆಸರು ಕೈಯಲ್ಲಿ ಅದು ಆಗುವ ಮಾತಲ್ಲ. ಗದ್ದೆಗೆ ತುಂಬುತೋಳಿನ ಅಂಗಿ, ಕುತ್ತಿಗೆ ಮುಚ್ಚುವ ದಪ್ಪ ಟವೆಲ್ಲೇ ಸರಿ. ಮಳೆ ಹೊಳವಾದರೂ ಗೊರಬು ಬೆನ್ನ ಮೇಲೇ ಇರಲಿ.