ಕುಕೀಸ್‌ ಮೇಲಿನ ಜಾಮ್ ಉಕ್ಕಿ ಹರಿಯುವುದೇಕೆ?

ಪ್ರಶ್ನೆ: ಜಾಮ್ ಕುಕೀಸ್ ಮಾಡಿದಾಗಲೆಲ್ಲ ಜಾಮ್ ಉಕ್ಕಿ ಟ್ರೇ ಮೇಲೆ ಸುಟ್ಟು ಹಿಡಿಯುತ್ತದೆ, ಕುಕೀಸ್ ಚಪ್ಪಟೆಯಾಗುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಹಸಿ ಹಿಟ್ಟಿನ ಗುಳಿಗೇ ಜಾಮ್ ತುಂಬಿ ಓವನ್‌ಗೆ ಇಡುತ್ತಿದ್ದೀರಿ ಎನಿಸುತ್ತದೆ. ಹೆಚ್ಚಿನವರು ಎಡವುವುದು ಅಲ್ಲೇ. ಸಕ್ಕರೆ ಎಷ್ಟೇ ಇದ್ದರೂ ಜಾಮ್‌ನಲ್ಲಿ ನೀರಿನಂಶ ಇದ್ದೇ ಇರುತ್ತದೆ. ಓವನ್ನಿನ ಕಾವಿಗೆ ಅದು ಮೊದಲು ತೆಳುವಾಗಿ, ಆಮೇಲೆ ಕುದಿದು ಗುಳ್ಳೆ ಏಳುತ್ತದೆ. ಅಷ್ಟರಲ್ಲಿ ಗುಳಿಯ ಗೋಡೆಯೂ ಕುಸಿದಿರುತ್ತದೆ. ಬೆಣ್ಣೆ 35 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಹಿಟ್ಟು ಬೆಂದು ಗಟ್ಟಿಯಾಗುವುದು ಎಷ್ಟೋ ಹೊತ್ತಿನ ಮೇಲೆ. ಸ್ವೀಡನ್ನಿನವರು ಇಂಥ ಕುಕೀಸನ್ನು ಹಾಲೊನ್‌ಗ್ರೊಟ್ಟ, ಅಂದರೆ ರಾಸ್‌ಬೆರಿ ಗುಹೆ ಎನ್ನುತ್ತಾರೆ. ನನಗೆ ಬಲು ಇಷ್ಟವಾದ ಹೆಸರು. ಗುಹೆ ನಿಲ್ಲಬೇಕಾದರೆ ಗೋಡೆ ಮೊದಲು ಗಟ್ಟಿಯಾಗಬೇಕಲ್ಲವೇ?

ಅಳತೆ ಸುಲಭ: 100 ಗ್ರಾಂ ಬೆಣ್ಣೆ, 50 ಗ್ರಾಂ ಪುಡಿ ಸಕ್ಕರೆ, 150 ಗ್ರಾಂ ಮೈದಾ. ಸುಮಾರು 18 ಕುಕೀಸ್ ಆಗುತ್ತವೆ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಬೆಣ್ಣೆ ಬೆರಳಿಟ್ಟರೆ ಕುಳಿ ಬೀಳುವಷ್ಟು ಮೆದುವಾಗಿರಲಿ, ಕರಗಿರಬಾರದು. ಬೆಣ್ಣೆ, ಸಕ್ಕರೆ ಬೆರೆಸಿ, ಮೈದಾ ಸೇರಿಸಿ, ಉಂಡೆಗೆ ಕೂಡಿದ ಕೂಡಲೇ ಕೈ ತೆಗೆಯಿರಿ. ಚಪಾತಿ ಹಿಟ್ಟಿನಂತೆ ನಾದಿದರೆ ಗಡುಸಾಗುತ್ತದೆ.

ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ ಹೆಬ್ಬೆರಳಿನಿಂದ ಗುಳಿ ಒತ್ತಿ. ನಮ್ಮ ಮನೆಯಲ್ಲಿ ಈ ಕೆಲಸ ಮಗಳದ್ದು. ಅವಳ ಪುಟ್ಟ ಬೆರಳಿನ ಗುಳಿಗೆ ಅರ್ಧ ಚಮಚ ಜಾಮ್ ಹಿಡಿಯುವುದೇ ಹೆಚ್ಚು, ಅಷ್ಟೇ ಸಾಕು. ಅಂಚು ಬಿರಿದರೆ ಬೆರಳಿನಿಂದ ಸವರಿ ಮುಚ್ಚಿ. ಜಾಮ್ ಸೋರುವುದು ಆ ಬಿರುಕಿನಿಂದಲೇ. ಈಗ ಟ್ರೇ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೇಸಿಗೆಯಲ್ಲಂತೂ ಇದನ್ನು ಬಿಡಲೇಬೇಡಿ.

ಮೊದಲೇ ಕಾಯಿಸಿದ ಓವನ್ನಿನಲ್ಲಿ, 170 ಡಿಗ್ರಿಯಲ್ಲಿ, ಜಾಮ್ ಇಲ್ಲದೆಯೇ 8 ನಿಮಿಷ ಬೇಯಿಸಿ. ಹೊರತೆಗೆದಾಗ ಗುಳಿ ಸ್ವಲ್ಪ ಉಬ್ಬಿರುತ್ತದೆ. ಚಮಚದ ಹಿಂಬದಿಯಿಂದ ಮೆಲ್ಲಗೆ ಒತ್ತಿ, ಜಾಮ್ ತುಂಬಿ, ಅಂಚು ಹೊಂಬಣ್ಣಕ್ಕೆ ತಿರುಗುವ ತನಕ ಮತ್ತೆ 6–7 ನಿಮಿಷ ಇಡಿ.

ಜಾಮ್ ಮನೆಯದಾದರೆ ಇನ್ನೊಂದು ಪರೀಕ್ಷೆ ಬೇಕು. ಫ್ರಿಜ್‌ನಲ್ಲಿಟ್ಟು ತಣ್ಣಗಾದ ತಟ್ಟೆಯ ಮೇಲೆ ಒಂದು ಹನಿ ಬಿಸಿ ಜಾಮ್ ಹಾಕಿ. ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿದರೆ ಮೇಲ್ಮೈ ಸುಕ್ಕುಗಟ್ಟಬೇಕು. ನೀರಿನಂತೆ ಓಡಿದರೆ ಇನ್ನಷ್ಟು ಕುದಿಸಿ. ಅನಾನಸ್ ಜಾಮ್‌ಗೆ ಈ ಎಚ್ಚರ ಹೆಚ್ಚು ಬೇಕು. ಜಾಮನ್ನು ಗಟ್ಟಿಯಾಗಿಸುವ ಪೆಕ್ಟಿನ್ ಎಂಬ ಅಂಶ ಆ ಹಣ್ಣಿನಲ್ಲಿ ಕಡಿಮೆ.

ಬೆಣ್ಣೆಯ ಬದಲು ತುಪ್ಪವೂ ಆಗುತ್ತದೆ, ಆದರೆ 80 ಗ್ರಾಂ ಸಾಕು, ಏಕೆಂದರೆ ತುಪ್ಪದಲ್ಲಿ ನೀರಿಲ್ಲ. ಆಗ ರುಚಿ ನಾನ್‌ಖಟಾಯಿ ಕಡೆಗೆ ವಾಲುತ್ತದೆ.

ಓವನ್ನಿನಿಂದ ತೆಗೆದಾಗ ಕುಕೀಸ್ ಮೆತ್ತಗಿರುತ್ತವೆ, ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ. 10 ನಿಮಿಷ ಟ್ರೇ ಮೇಲೇ ಬಿಡಿ. ಅಷ್ಟು ಹೊತ್ತು ಮಕ್ಕಳ ಕೈಗೂ ಸಿಗದಂತಿರಲಿ: ಕುಕೀಸ್ ಆರಿದರೂ ನಡುವಿನ ಜಾಮ್ ನಾಲಿಗೆ ಸುಡುವಷ್ಟು ಬಿಸಿ ಇರುತ್ತದೆ.