ಅಪ್‌ಸ್ಟ್ರೀಮ್ ಉತ್ತರ ಕೊಡದಿದ್ದಾಗ: ತೇಪೆ ಎಲ್ಲಿ ಹಾಕಬಹುದು, ಎಲ್ಲಿ ಕೂಡದು

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ, ತಂತ್ರಾಂಶ ಸ್ಥಾಪಿಸುವ ಒಂದು ಆಪ್ಟ್ ಆದೇಶಕ್ಕೆ ಇಳಿದುಬರುವ ತಂತ್ರಾಂಶವನ್ನು ಬರೆದವರೇ ಬೇರೆ, ಪ್ಯಾಕೇಜ್ ಮಾಡಿ ಕೊಟ್ಟವರೇ ಬೇರೆ. ಬರೆದವರಿಗೆ ಅಪ್‌ಸ್ಟ್ರೀಮ್ ಎಂದು ಹೆಸರು. ಎಷ್ಟೋ ಸಲ ಅದು ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವ ಒಬ್ಬರೇ ಒಬ್ಬರು. ಅವರು ಮೇಲ್‌ಗೆ ಉತ್ತರಿಸುವುದು ನಿಂತುಹೋದರೆ ಹೊಣೆಯೆಲ್ಲ ಪ್ಯಾಕೇಜ್ ಮಾಡುವವರ ತಲೆಗೆ ಬರುತ್ತದೆ: ಕೋಡ್‌ಗೆ ತಾವೇ ತೇಪೆ (ಸಣ್ಣ ತಿದ್ದುಪಡಿ) ಹಾಕಬೇಕೇ, ಬೇಡವೇ? ಎನ್‌ಕ್ರಿಪ್ಷನ್, ಅನಾಮಿಕ ಬ್ರೌಸಿಂಗ್‌ನಂಥ ತಂತ್ರಾಂಶಗಳಲ್ಲಿ ಈ ಹೊಣೆ ತುಂಬ ಭಾರ.

ತೊಡಕು, ಬಿಡುಗಡೆ ಅಪ್‌ಸ್ಟ್ರೀಮ್‌ನವರದೇ ಎಂದು ತೋರಿಸುವ ಡಿಜಿಟಲ್ ಸಹಿಯಿಂದಲೇ ಶುರುವಾಗಬಹುದು. ಹೊಸ ಆವೃತ್ತಿ ಎಲ್ಲಿ ಸಿಗುತ್ತದೆಂದು ಪ್ಯಾಕೇಜಿನ ವಾಚ್ ಫೈಲ್ ಹೇಳುತ್ತದೆ. ಯುಸ್ಕ್ಯಾನ್ ಎಂಬ ಸಾಧನ ಆ ಆವೃತ್ತಿಯನ್ನು ಇಳಿಸಿಕೊಂಡು, ಪ್ಯಾಕೇಜಿನೊಳಗೆ ಇಟ್ಟಿರುವ ಕೀಲಿಯಿಂದ ಸಹಿಯನ್ನು ತಾಳೆ ನೋಡುತ್ತದೆ. ಬೇರೆ ಕೀಲಿಯ ಸಹಿ ಇದ್ದರೆ ಒಪ್ಪುವುದಿಲ್ಲ. ಆಗ ಪರಿಶೀಲನೆಯನ್ನೇ ತೆಗೆದುಹಾಕಬಾರದು. ಹೊಸ ಕೀಲಿಗೆ ಹಳೆಯ ಕೀಲಿಯ ಸಹಿ ಇದೆಯೇ ನೋಡಬೇಕು; ಇಲ್ಲದಿದ್ದರೆ ಹಳೆಯ ಆವೃತ್ತಿಯಲ್ಲೇ ನಿಂತು, ಓದಿ ಅರ್ಥವಾದ ಭದ್ರತಾ ತಿದ್ದುಪಡಿಗಳನ್ನಷ್ಟೇ ತರಬೇಕು. ಸಹಿ ಸರಿಯಿದ್ದರೂ ಸಾಲದು. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ), ದಣಿದಿದ್ದ ನಿರ್ವಾಹಕರ ನಂಬಿಕೆ ಗಳಿಸಿ ಬಂದವರ ಕೈಯಿಂದಲೇ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಸೇರಿಕೊಂಡಿತ್ತು. ಅದನ್ನು ಚಾಲೂ ಮಾಡುವ ಬಿಲ್ಡ್ ಸ್ಕ್ರಿಪ್ಟ್ ಕೋಡ್ ಇಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಫೈಲ್ ಕಟ್ಟಿನಲ್ಲಿ) ಮಾತ್ರ ಇತ್ತು. ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಡಿಫ್ (ವ್ಯತ್ಯಾಸ) ನೋಡಲೇಬೇಕು.

ತೇಪೆಗಳಲ್ಲಿ ಧೈರ್ಯವಾಗಿ ಹಾಕಬಹುದಾದವೂ ಇವೆ. ಸಹಾಯಪುಟವೊಂದು ಹೊರಗಿನ ಸರ್ವರ್‌ನಿಂದ ಫಾಂಟನ್ನೋ ಲಾಂಛನವನ್ನೋ ಎಳೆದುಕೊಂಡರೆ, ಪುಟ ತೆರೆದವರ ಐಪಿ ವಿಳಾಸ ಅಲ್ಲಿಗೆ ಹೋಗುತ್ತದೆ. ಪ್ಯಾಕೇಜ್‌ಗಳ ತಪ್ಪು ಹುಡುಕುವ ಲಿಂಟಿಯನ್ ಸಾಧನ ಇದನ್ನು ಖಾಸಗಿತನದ ಉಲ್ಲಂಘನೆ ಎಂದೇ ಗುರುತಿಸುತ್ತದೆ. ಆ ಕೊಂಡಿ ಕಿತ್ತು ಸ್ಥಳೀಯ ಫೈಲ್ ಜೋಡಿಸಿದರೆ ಆಯಿತು. ತಾನಾಗಿ ಅಪ್‌ಡೇಟ್ ಹುಡುಕುವ ಕೋಡ್, ಹೊಸ ಕಂಪೈಲರ್‌ನ ತಕರಾರು ಇವೂ ಇದೇ ಸಾಲಿನವು. ಒಂದು ಬದಲಾವಣೆಗೆ ಒಂದೇ ತೇಪೆ ಇರಲಿ. ಅದರ ತಲೆಬರಹದಲ್ಲಿ ಕಾರಣ ಬರೆದು, ಫಾರ್ವರ್ಡೆಡ್ ಎಂಬಲ್ಲಿ ಅಪ್‌ಸ್ಟ್ರೀಮ್‌ಗೆ ಸಲ್ಲಿಸಿದ ವರದಿಯ ಕೊಂಡಿ ಕೊಡಿ. ಅಲ್ಲಿಂದ ಉತ್ತರ ಬಾರದಿದ್ದರೂ ಫೆಡೋರಾ, ಆರ್ಚ್‌ನಂಥ ಬೇರೆ ಲಿನಕ್ಸ್ ವಿತರಣೆಗಳವರಿಗೆ ಅದು ಸಿಗುತ್ತದೆ.

ಎನ್‌ಕ್ರಿಪ್ಷನ್ ಕೋಡ್ ಮಾತ್ರ ಬೇರೆ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿಯಲ್ಲಿ, ಮೆಮೊರಿ ದೋಷ ಹುಡುಕುವ ವಾಲ್‌ಗ್ರಿಂಡ್ ಸಾಧನ ಎಚ್ಚರಿಕೆ ಕೊಡುತ್ತಿದೆಯೆಂದು ಒಂದೇ ಬಗೆಯ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಲಾಯಿತು. ಅವುಗಳಲ್ಲಿ ಒಂದು, ಯಾದೃಚ್ಛಿಕತೆಯನ್ನು ಒಳಗೆ ಬೆರೆಸುತ್ತಿದ್ದ ಮುಖ್ಯ ಸಾಲು. ಅದು ಹೋದಮೇಲೆ ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜವಾಗಿ (ಆರಂಭದ ಅಂಕಿಯಾಗಿ) ಉಳಿದದ್ದು, ಓಡುವ ಪ್ರೋಗ್ರಾಮಿಗೆ ಕೊಡುವ ಪ್ರೋಸೆಸ್ ಸಂಖ್ಯೆ. ಅದಕ್ಕೆ ಗರಿಷ್ಠ 32,768 ಬೆಲೆಗಳಷ್ಟೇ. ಹುಟ್ಟುವ ಕೀಲಿಗಳನ್ನೆಲ್ಲ ಮೊದಲೇ ಲೆಕ್ಕಹಾಕಿ ಪಟ್ಟಿ ಮಾಡಿಡಬಹುದಿತ್ತು. 2008ರ ಮೇ 13ರಂದು ಇದು ಪ್ರಕಟವಾದಾಗ ಆ ಅವಧಿಯಲ್ಲಿ ಡೆಬಿಯನ್ ಮತ್ತು ಅದನ್ನು ಆಧರಿಸಿದ ಉಬುಂಟುಗಳಲ್ಲಿ ಸೃಷ್ಟಿಸಿದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ) ಕೀಲಿಗಳನ್ನು ಬಿಸಾಡಿ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಅಪ್‌ಸ್ಟ್ರೀಮ್‌ನವರನ್ನು ಕೇಳಿರಲಿಲ್ಲ ಎಂದಲ್ಲ. ಡಿಬಗ್ ಮಾಡಲು ಅನುಕೂಲವಾದರೆ ತೆಗೆಯಬಹುದೆಂಬ ಸಡಿಲ ಉತ್ತರ ಬಂದಿತ್ತು. ಅಂಥ ಉತ್ತರವನ್ನು ಪರಿಶೀಲನೆ ಎಂದು ಲೆಕ್ಕಕ್ಕೆ ಹಿಡಿಯಬಾರದು.

ದೋಷ ಇರುವುದೇ ಎನ್‌ಕ್ರಿಪ್ಷನ್ ಭಾಗದಲ್ಲಿ, ಅಪ್‌ಸ್ಟ್ರೀಮ್‌ನವರ ಸುಳಿವೂ ಇಲ್ಲ ಎಂದಾದರೆ ಪ್ಯಾಕೇಜ್ ಕೈಬಿಡುವುದೇ ಪ್ರಾಮಾಣಿಕ ದಾರಿ. ಬಿಡುಗಡೆ ತಡೆಯುವ ಮಟ್ಟದ ಬಗ್ ದಾಖಲಿಸಿ, ಅದು ಪರಿಹಾರವಾಗದಿದ್ದರೆ ಪ್ಯಾಕೇಜ್ ಟೆಸ್ಟಿಂಗ್‌ನಿಂದ (ಮುಂದಿನ ಬಿಡುಗಡೆಯ ತಯಾರಿ ಶಾಖೆಯಿಂದ) ಹೊರಬೀಳುತ್ತದೆ, ಮುಂದಿನ ಸ್ಟೇಬಲ್‌ಗೆ (ಅಧಿಕೃತ ಬಿಡುಗಡೆಗೆ) ಸೇರುವುದಿಲ್ಲ. ಆದರೆ ಈಗಾಗಲೇ ಹಾಕಿಕೊಂಡವರ ಕಂಪ್ಯೂಟರಿನಿಂದ ಅದು ಮಾಯವಾಗುವುದಿಲ್ಲ, ಅಪ್‌ಡೇಟ್ ಇಲ್ಲದೆ ಅಲ್ಲೇ ಉಳಿಯುತ್ತದೆ. ಆದ್ದರಿಂದ ಕೊನೆಯ ಆವೃತ್ತಿಯ ನ್ಯೂಸ್ ಫೈಲಿನಲ್ಲಿ ಕಾರಣ, ಬದಲಿ ತಂತ್ರಾಂಶ, ಕೀಲಿ ಮತ್ತು ದತ್ತಾಂಶ ಹೊರತೆಗೆಯುವ ಆದೇಶ ಮೂರನ್ನೂ ಬರೆದು, ಆಮೇಲೆ ತೆಗೆಯಲು ಕೋರಿಕೆ ಸಲ್ಲಿಸಬೇಕು.